ದಿನದ ಗುಟುಕು



ಸಂತ ಲೂಕನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಬೆನ್ನು ಬಾಗಿದ ಒಬ್ಬ ಹೆಂಗಸಿನ ಪ್ರಸಂಗ ಬರುತ್ತದೆ. ಅಂದು ಸಬ್ಬತ್ ದಿನ. ಯೇಸುಸ್ವಾಮಿ ಪ್ರಾರ್ಥನಾಮಂದಿರದಲ್ಲಿ ಬೋಧಿಸುತ್ತಿದ್ದರು. ಆಕೆ 18 ವರ್ಷಗಳಿಂದ ನಡು ಬಗ್ಗಿ, ತಲೆಯೆತ್ತಿ ನೆಟ್ಟಗೆ ನಿಲ್ಲಲಾಗದೆ ಬದುಕಿದವಳು. ಆಕೆ ಏನನ್ನೂ ಬೇಡಲಿಲ್ಲ. ಪ್ರಭುವೇ ಆಕೆಯನ್ನು ಕಂಡರು, ಹತ್ತಿರ ಕರೆದರು, ಆಕೆಯ ಮೇಲೆ ಕೈಯಿಟ್ಟರು. ಆಕೆ ನೆಟ್ಟಗೆ ನಿಂತು ದೇವರನ್ನು ಕೊಂಡಾಡಿದಳು.

ಮಂದಿರದ ಅಧಿಕಾರಿಗೆ ಸಿಟ್ಟು ಬಂತು. ಗುಣವಾಗಬೇಕಾದವರು ಉಳಿದ ಆರು ದಿನಗಳಲ್ಲಿ ಬರಬಹುದಲ್ಲ ಎಂದು ಆತ ಜನರನ್ನು ಗದರಿಸಿದ. ಆಗ ಪ್ರಭು ಕೊಟ್ಟ ಉತ್ತರವನ್ನು ಗಮನಿಸಿ. ಸಬ್ಬತ್ ದಿನವೂ ನೀವು ಎತ್ತನ್ನೋ ಕತ್ತೆಯನ್ನೋ ಕೊಟ್ಟಿಗೆಯಿಂದ ಬಿಚ್ಚಿ ನೀರು ಕುಡಿಸಲು ಕರೆದೊಯ್ಯುತ್ತೀರಿ. ಹಾಗಾದರೆ ಅಬ್ರಹಾಮನ ವಂಶದ ಈ ಮಗಳನ್ನು ಆಕೆಯ ಕಟ್ಟಿನಿಂದ ಬಿಚ್ಚಬಾರದೇ ಎಂದು ಅವರು ಕೇಳಿದರು. ದನಕ್ಕೆ ನೀರು ಕುಡಿಸಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಬಾಗಿದ ಬೆನ್ನು ಮಾತ್ರ 18 ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಈ ಪ್ರಸಂಗವನ್ನು ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಓದುವವರಿಗೆ ಆ ಹೆಂಗಸು ಅಪರಿಚಿತಳಲ್ಲ. 40-50ರ ವಯಸ್ಸಿಗೇ ಮಂಡಿ ಹಿಡಿದು, ಕುತ್ತಿಗೆ ತಿರುಗಿಸಲಾಗದೆ, ಕೋಲು ಊರಿ ನಡೆಯುವವರನ್ನು ಇಲ್ಲಿನ ಹಳ್ಳಿಗಳಲ್ಲಿ ಕಾಣುತ್ತೇವೆ. ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ ಕಾಣುವ ಮಕ್ಕಳನ್ನು ಕಾಣುತ್ತೇವೆ. ಇಂಥ ಅನೇಕರ ತೊಂದರೆಗೆ ಕಾರಣ ಅವರು ದಿನವೂ ಕುಡಿಯುವ ನೀರಿನಲ್ಲಿದೆ. ಆದ್ದರಿಂದ ಈ ವಾರ ನೀರಿನ ಬಗ್ಗೆ, ದಿನದಿನದ ಗುಟುಕಿನ ಬಗ್ಗೆ ಯೋಚಿಸೋಣ.

ಕಣ್ಣಿಗೆ ಕಾಣದ ಕೆಡುಕು

ನಮ್ಮ ನೆಲದಡಿಯಲ್ಲಿರುವುದು ಗ್ರಾನೈಟ್ ಮತ್ತು ಅದರಂಥದೇ ಗಟ್ಟಿ ಕಲ್ಲು. ಆ ಕಲ್ಲಿನ ಖನಿಜಗಳಲ್ಲಿ ಫ್ಲೋರೈಡ್ ಎಂಬ ಅಂಶವಿದೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ಇಂಗಿದ ನೀರು ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತಾಗ ಫ್ಲೋರೈಡ್ ನಿಧಾನವಾಗಿ ಅದರಲ್ಲಿ ಕರಗುತ್ತದೆ. ಬೋರ್ ಆಳವಾದಷ್ಟೂ ಇಂಥ ಹಳೆಯ ನೀರು ಸಿಗುವ ಸಂಭವ ಹೆಚ್ಚು.

ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಅವಕಾಶವಿದೆ. ಈ ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ತಿಳಿಯಾಗಿ ಹೊಳೆಯುವ, ಕುಡಿಯಲು ಸಿಹಿಯಾದ ನೀರಿನಲ್ಲಿಯೂ ಅದು ಇರಬಹುದು. ಬಟ್ಟೆಯಲ್ಲಿ ಸೋಸಿದರೆ ಹೋಗದು, ಬ್ಲೀಚಿಂಗ್ ಪುಡಿ ಹಾಕಿದರೆ ಹೋಗದು. ಕುದಿಸಿದರೂ ಹೋಗದು, ನೀರು ಆವಿಯಾಗಿ ಕಡಿಮೆಯಾದಂತೆ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ ನೀರನ್ನು ಒಬ್ಬ ಹೆಣ್ಣುಮಗಳು ದಿನಕ್ಕೆ 3 ಲೀಟರ್ ಕುಡಿಯುತ್ತಾಳೆ ಎನ್ನೋಣ. ದಿನಕ್ಕೆ ಆಕೆಯ ದೇಹ ಹೊಕ್ಕದ್ದು 9 ಮಿಲಿಗ್ರಾಂ, ಒಂದೆರಡು ಹರಳು ಉಪ್ಪಿನಷ್ಟು. ವರ್ಷಕ್ಕೆ ಸುಮಾರು 3.3 ಗ್ರಾಂ, ಒಂದು ಚಮಚವೂ ತುಂಬುವುದಿಲ್ಲ. ಆದರೆ ಶುಭಸಂದೇಶದ ಆ ಹೆಂಗಸಿನಂತೆ 18 ವರ್ಷ ಎಣಿಸಿದರೆ 59 ಗ್ರಾಂ. ದೊಡ್ಡವರಲ್ಲಿ ರಕ್ತಕ್ಕೆ ಸೇರಿದ ಫ್ಲೋರೈಡಿನ ಸುಮಾರು ಅರ್ಧದಷ್ಟು ಮೂತ್ರದಲ್ಲಿ ಹೊರಗೆ ಹೋಗುತ್ತದೆ, ಉಳಿದದ್ದು ಮೂಳೆಗೆ ಸೇರುತ್ತದೆ. ಬೆಳೆಯುವ ಮಕ್ಕಳ ಮೂಳೆ ಇನ್ನೂ ಹೆಚ್ಚನ್ನು ಹಿಡಿದಿಡುತ್ತದೆ.

ಯಾವ ಒಂದು ದಿನವೂ ಆಕೆಗೆ ಏನೂ ಆದಂತೆ ಅನಿಸುವುದಿಲ್ಲ. ಇಂದಿನ ನೀರು ನಿನ್ನೆಯದರಂತೆಯೇ ಇರುತ್ತದೆ. ಮೊದಲು ಕೀಲುಗಳಲ್ಲಿ ನೋವು, ಬೆಳಿಗ್ಗೆ ಏಳುವಾಗ ಬಿಗಿತ. ಆಮೇಲೆ ಬೆನ್ನು ಸೆಟೆಯುತ್ತದೆ, ಕೊನೆಗೆ ಬಾಗುತ್ತದೆ. ಹಾಗೆ ಒಮ್ಮೆ ಬಾಗಿದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧಿ ವೈದ್ಯರ ಬಳಿ ಇಲ್ಲ. ಭಾರತದಲ್ಲಿ ಈ ಕಾಯಿಲೆಯನ್ನು 1937ರಲ್ಲಿಯೇ ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಗುರುತಿಸಿದ್ದರು. ಇಷ್ಟು ವರ್ಷಗಳ ನಂತರವೂ ಎಷ್ಟೋ ಮನೆಗಳಲ್ಲಿ ಅದಕ್ಕೆ ಬರೀ 'ವಾಯು' ಎಂದೇ ಹೆಸರು.

ಯಾರ ಪಾಪ?

ಹುಟ್ಟುಕುರುಡನೊಬ್ಬನನ್ನು ಕಂಡಾಗ ಶಿಷ್ಯರು ಯೇಸುವನ್ನು ಕೇಳಿದ ಪ್ರಶ್ನೆ ನಮಗೆಲ್ಲ ನೆನಪಿದೆ: ಇದು ಯಾರ ಪಾಪದ ಫಲ, ಇವನದೋ ಇವನ ಹೆತ್ತವರದೋ? ಇವನದೂ ಅಲ್ಲ, ಹೆತ್ತವರದೂ ಅಲ್ಲ ಎಂದು ಪ್ರಭು ಸ್ಪಷ್ಟವಾಗಿ ಹೇಳಿದರು (ಯೊವಾನ್ನ 9).

ನಾವು ಇಂದಿಗೂ ಆ ಪ್ರಶ್ನೆಯನ್ನು ಬಿಟ್ಟಿಲ್ಲ. ಕಂದು ಹಲ್ಲಿನ ಹುಡುಗನನ್ನು ಕಂಡರೆ "ಹಲ್ಲು ತಿಕ್ಕಂಗಿಲ್ಲೇನೋ?" ಎಂದು ತರಗತಿಯಲ್ಲಿ ಎಲ್ಲರೆದುರು ಕೇಳುವವರಿದ್ದಾರೆ. ಕನ್ಯೆ ನೋಡಲು ಹೋದವರು ಹುಡುಗಿಯ ಹಲ್ಲು ನೋಡಿ ಎದ್ದು ಬರುವುದುಂಟು. ಆ ಹುಡುಗಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುವುದನ್ನು ಕಲಿಯುತ್ತಾಳೆ.

ಸತ್ಯ ಏನೆಂದರೆ, ಹಲ್ಲಿನ ಆ ಕಲೆ ತಿಕ್ಕಿದರೆ ಹೋಗುವಂಥದಲ್ಲ. ಕಾಯಂ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವಾಗ, ಅಂದರೆ ಸುಮಾರು 8 ವರ್ಷದೊಳಗೆ, ಆ ಮಗು ಕುಡಿದ ನೀರು ಬರೆದ ಗೆರೆ ಅದು. ಮಗು ನೀರನ್ನು ಆರಿಸಿಕೊಳ್ಳಲಿಲ್ಲ. ಮನೆಯಲ್ಲಿ ಕೊಟ್ಟದ್ದನ್ನು ಕುಡಿಯಿತು. ತಾಯಿಯೂ ತನಗೆ ಸಿಕ್ಕಿದ್ದನ್ನೇ ದೂರದಿಂದ ಹೊತ್ತು ತಂದು ಕೊಟ್ಟಳು. ಇಲ್ಲಿ ಯಾರ ಪಾಪವನ್ನೂ ಹುಡುಕಬೇಕಾಗಿಲ್ಲ. ಅಂಥವರನ್ನು ನಗೆಗೆ ಗುರಿಮಾಡುವುದು ಮಾತ್ರ ಖಂಡಿತವಾಗಿ ಪಾಪ.

ಹಾಗೆಂದು ಇದು ಹಣೆಬರಹ ಎಂದು ಕೈಕಟ್ಟಿ ಕೂರುವಂತೆಯೂ ಇಲ್ಲ. ಹುಟ್ಟುಕುರುಡನ ಮುಂದೆ ಯೇಸು ಕಾರಣದ ಚರ್ಚೆಗೆ ನಿಲ್ಲಲಿಲ್ಲ. ಹಗಲಿರುವಾಗಲೇ ದೇವರ ಕೆಲಸ ಮಾಡಬೇಕು ಎಂಬ ಅರ್ಥದ ಮಾತು ಹೇಳಿ ಕೂಡಲೇ ಕೆಲಸಕ್ಕೆ ಕೈಹಾಕಿದರು.

ಬುಗ್ಗೆಯ ಬಳಿಗೆ ಹೋದ ಪ್ರವಾದಿ

ಅರಸುಗಳ ಎರಡನೆಯ ಗ್ರಂಥದ 2ನೆಯ ಅಧ್ಯಾಯದಲ್ಲಿ ಜೆರಿಕೋ ಪಟ್ಟಣದ ಜನರು ಪ್ರವಾದಿ ಎಲೀಷನ ಬಳಿಗೆ ಬರುತ್ತಾರೆ. ಊರು ಇರುವ ಜಾಗವೇನೋ ಚೆನ್ನಾಗಿದೆ, ನೀರು ಮಾತ್ರ ಕೆಟ್ಟದ್ದು ಎಂಬುದು ಅವರ ಅಳಲು. ಎಲೀಷ ಹೊಸ ಪಾತ್ರೆಯಲ್ಲಿ ಉಪ್ಪು ತರಿಸಿದ. ಅದನ್ನು ಮನೆಮನೆಯ ಕೊಡಕ್ಕೆ ಹಾಕಲಿಲ್ಲ. ನೀರು ಹುಟ್ಟುವ ಬುಗ್ಗೆಯ ಬಳಿಗೇ ಹೋಗಿ ಅಲ್ಲಿ ಹಾಕಿದ. ದೇವರು ಆ ನೀರನ್ನು ಗುಣಪಡಿಸಿದರು.

ಇದನ್ನು ಓದಿ ಯಾರಾದರೂ ಬೋರಿಗೆ ಉಪ್ಪು ಸುರಿಯಬೇಡಿ! ಪ್ರವಾದಿ ಕಲಿಸುವ ಪಾಠ ಬೇರೆ. ನೋವು ಕಂಡಲ್ಲಿ ಮುಲಾಮು ಹಚ್ಚುವುದು ಒಂದು ರೀತಿ. ನೋವು ಹುಟ್ಟುವ ಕಡೆಗೆ ನಡೆದು ಹೋಗುವುದು ಇನ್ನೊಂದು. ಮಂಡಿನೋವಿಗೆ ವಾರಕ್ಕೊಂದು ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತಾ ಅದೇ ನೀರು ಕುಡಿಯುತ್ತಿದ್ದರೆ ಕೊಡ ಬದಲಾಯಿಸಿದಂತಾಯಿತೇ ಹೊರತು ಬುಗ್ಗೆ ಹಾಗೆಯೇ ಉಳಿಯಿತು.

ಬುಗ್ಗೆಗೆ ಹೋಗುವುದೆಂದರೆ ಮೊದಲು ಕೇಳುವುದು: ನಾವು ಕುಡಿಯುತ್ತಿರುವ ಈ ನೀರು ಎಲ್ಲಿಂದ ಬರುತ್ತದೆ? ಅದನ್ನು ಪರೀಕ್ಷೆ ಮಾಡಿಸಿದ್ದಾರೆಯೇ? 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ನೀರಿನ ಪರೀಕ್ಷೆ ಕಲಿಸುವ ಏರ್ಪಾಡಿದೆ. ಪರೀಕ್ಷಾ ಕಿಟ್ ಎಲ್ಲಿದೆ ಎಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಬಹುದು. ಜಿಲ್ಲಾ ಪ್ರಯೋಗಾಲಯಕ್ಕೂ ಒಂದು ಬಾಟಲಿ ನೀರು ಕೊಟ್ಟು ಪರೀಕ್ಷೆ ಮಾಡಿಸಬಹುದು. ಕುಷ್ಟಗಿ ಮತ್ತು ಯಲಬುರ್ಗಾ ಹಳ್ಳಿಗಳಿಗೆ ಕೃಷ್ಣಾ ನದಿಯ ನೀರು ತರುವ ಬಹುಗ್ರಾಮ ಯೋಜನೆಯೂ ಇದೇ ಕಾರಣಕ್ಕೆ ಹುಟ್ಟಿದ್ದು. ನಲ್ಲಿಯಲ್ಲಿ ನದಿಯ ನೀರು ಬರುತ್ತಿದೆಯೋ ಅಥವಾ ಬೋರಿನ ನೀರೇ ಬೆರೆತು ಬರುತ್ತಿದೆಯೋ ಎಂದು ಕೇಳುವ ಹಕ್ಕು ನಮಗಿದೆ.

ಇನ್ನೊಂದು ಎಚ್ಚರಿಕೆ. ಕೆಟ್ಟ ನೀರಿನಲ್ಲಿ ಎರಡು ಬಗೆ. ಫ್ಲೋರೈಡ್ ವರ್ಷಗಟ್ಟಲೆ ಕಾಯುತ್ತದೆ, ರೋಗಾಣು ಕಾಯುವುದಿಲ್ಲ. 2023ರ ಜೂನ್ ತಿಂಗಳಲ್ಲಿ ಕನಕಗಿರಿ ತಾಲ್ಲೂಕಿನ ಬಸರಿಹಾಳ ಮತ್ತು ಕುಷ್ಟಗಿ ತಾಲ್ಲೂಕಿನ ಬಿಜಕಲ್ ಗ್ರಾಮಗಳಲ್ಲಿ ವಾಂತಿಭೇದಿಯಿಂದ ಸಾವು ಸಂಭವಿಸಿದ್ದನ್ನು, ಕಲುಷಿತ ನೀರಿನ ಬಗ್ಗೆ ಎದ್ದ ಕೂಗನ್ನು ನಾವು ಮರೆತಿಲ್ಲ. ನದಿ, ಕಾಲುವೆ, ಕೆರೆಯ ನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ, ರೋಗಾಣುವಿನ ಭಯ ಹೆಚ್ಚು. ಅದನ್ನು ಕುದಿಸಿ ಆರಿಸಿ ಕುಡಿಯಬೇಕು. ಗಂಗಾವತಿಯ ಕಾಲುವೆ ಭಾಗದವರು ಇದನ್ನು ಮುಖ್ಯವಾಗಿ ನೆನಪಿಡಬೇಕು. ಆಳದ ಬೋರಿನ ನೀರಿಗೆ ಮಾತ್ರ ಕುದಿಸುವುದು ಸಾಲದು, ಶುದ್ಧೀಕರಣವೇ ಬೇಕು.

ಮನೆಯೊಳಗಿನ ಮಾತು

ಊರಲ್ಲಿ ಶುದ್ಧ ಕುಡಿಯುವ ನೀರಿನ ಘಟಕವಿದೆ ಎನ್ನೋಣ. ಕೆಲವೇ ರೂಪಾಯಿಗೆ 20 ಲೀಟರಿನ ಕ್ಯಾನ್ ತುಂಬುತ್ತದೆ. ಆದರೂ ಮನೆಯಲ್ಲಿ ಇಂಥ ಮಾತು ಕೇಳಿಬರುತ್ತದೆ:

"ಅತ್ತಿ, ಈ ಕ್ಯಾನಿನ ನೀರು ಕುಡೀರಿ. ಬೋರಿನ ನೀರು ಬ್ಯಾಡ."

"ಯವ್ವಾ, ಆ ನೀರಿಗೆ ರುಚೀನ ಇಲ್ಲ. ನಮ್ಮ ಮುತ್ತ್ಯಾ, ನಮ್ಮ ಆಯಿ ಎಲ್ಲಾರೂ ಇದ ಊರಿನ ನೀರು ಕುಡುದು ಬಾಳೇ ಮಾಡಿಲ್ಲೇನು?"

ಹಿರಿಯರ ಮಾತಿನಲ್ಲಿ ಒಂದಂಶ ಸತ್ಯವಿದೆ. ಆದರೆ ಮುತ್ತ್ಯಾ ಕುಡಿದದ್ದು ಸೇದುಬಾವಿಯ ನೀರು, ಕೆರೆಯ ನೀರು. ಅದು ಇತ್ತೀಚಿನ ಮಳೆಯ ನೀರು. ನಾವು ಕುಡಿಯುತ್ತಿರುವುದು ನೂರಾರು ಅಡಿ ಕೆಳಗಿನ ನೀರು. ಊರು ಅದೇ, ನೀರು ಅದೇ ಅಲ್ಲ.

ಹಿರಿಯರಿಗೆ ನೆನಪಿರುವ ಇನ್ನೊಂದು ಸಂಗತಿಯಿದೆ: ನಾರುಹುಣ್ಣು. ಮೆಟ್ಟಿಲುಬಾವಿಗೆ ಇಳಿದು ನೀರು ತರುತ್ತಿದ್ದ ಕಾಲದಲ್ಲಿ ಕಾಲಿನಿಂದ ದಾರದಂಥ ಹುಳು ಹೊರಬರುತ್ತಿದ್ದ ಆ ಕಾಯಿಲೆ ಕರ್ನಾಟಕದಲ್ಲಿಯೂ ಇತ್ತು. ಅದಕ್ಕೆ ಲಸಿಕೆ ಇರಲಿಲ್ಲ, ಗುಣಪಡಿಸುವ ಮಾತ್ರೆಯೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸುವುದು, ಹುಣ್ಣಿರುವವರು ಬಾವಿಗೆ ಇಳಿಯದಿರುವುದು, ಸುರಕ್ಷಿತ ನೀರಿನ ಏರ್ಪಾಡು — ಇಷ್ಟರಿಂದಲೇ ಅದು ತೊಲಗಿತು. 2000ನೆಯ ಇಸವಿಯಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಲಕ್ಷಾಂತರ ಅಡುಗೆಮನೆಗಳಲ್ಲಿ ತಾಯಂದಿರು ಕೊಡದ ಬಾಯಿಗೆ ಕಟ್ಟಿದ ಒಂದು ತುಂಡು ಬಟ್ಟೆ ಒಂದು ರೋಗವನ್ನೇ ದೇಶದಿಂದ ಓಡಿಸಲು ನೆರವಾಯಿತು. ದಿನದಿನದ ಸಣ್ಣ ಶಿಸ್ತಿನ ಶಕ್ತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ದೇವರನ್ನು ಪರೀಕ್ಷಿಸಬಾರದು

"ನಾವು ದಿನಾ ಪ್ರಾರ್ಥನೆ ಮಾಡಿ, ಶಿಲುಬೆಯ ಗುರುತು ಹಾಕಿ ಕುಡಿಯುತ್ತೇವೆ. ದೇವರು ಕಾಯುವುದಿಲ್ಲವೇ?" ಎಂದು ಕೇಳುವ ಭಕ್ತರಿದ್ದಾರೆ. ಊಟಕ್ಕೂ ನೀರಿಗೂ ಮೊದಲು ದೇವರನ್ನು ನೆನೆಯುವುದು ಒಳ್ಳೆಯ ಪದ್ಧತಿ, ಅದನ್ನು ಬಿಡಬೇಡಿ. ಆದರೆ ದೇವಾಲಯದ ಶಿಖರದಿಂದ ಧುಮುಕು, ದೇವದೂತರು ಹಿಡಿಯುತ್ತಾರೆ ಎಂದು ಸೈತಾನನು ಹೇಳಿದಾಗ ಯೇಸು ಧುಮುಕಲಿಲ್ಲ. ದೇವರನ್ನು ಪರೀಕ್ಷೆಗೆ ಒಡ್ಡಬಾರದು ಎಂದರು (ಮತ್ತಾಯ 4). ತಿಳಿದೂ ತಿಳಿದೂ ಕೆಟ್ಟ ನೀರು ಕುಡಿದು ದೇವರು ಕಾಯಲಿ ಎನ್ನುವುದು ಆ ಶಿಖರದಿಂದ ಧುಮುಕಿದಂತೆಯೇ.

ದೇವರು ಕಾಯುತ್ತಾರೆ. ಪ್ರಯೋಗಾಲಯದವರ ಕೈಯಿಂದ, ವೈದ್ಯರ ಕೈಯಿಂದ, ಕ್ಯಾನ್ ಹೊತ್ತು ತರುವ ಮಗನ ಕೈಯಿಂದಲೂ ಕಾಯುತ್ತಾರೆ. 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸ್ ಅವರು ಸುರಕ್ಷಿತ ಕುಡಿಯುವ ನೀರು ಮನುಷ್ಯನ ಮೂಲಭೂತ ಹಕ್ಕು ಎಂದು ಬೋಧಿಸಿದರು. ಅಂದಮೇಲೆ ನೀರಿನ ಪರೀಕ್ಷೆ, ಪಂಚಾಯಿತಿಗೆ ಕೊಡುವ ಅರ್ಜಿ, ನಿಂತುಹೋದ ಘಟಕದ ದುರಸ್ತಿ — ಇವೂ ವಿಶ್ವಾಸದ ಕೆಲಸಗಳೇ.

ಆ ವಿಶ್ವಾಸಕ್ಕೆ ಫಲವೂ ಇದೆ. ಬೆನ್ನು ಬಾಗುವ ಮೊದಲೇ, ನೋವು ಎಳೆಯದಿರುವಾಗಲೇ ನೀರು ಬದಲಾಯಿಸಿದವರಲ್ಲಿ ಹೊಟ್ಟೆಯ ತೊಂದರೆ, ಕೀಲುನೋವು ಕಡಿಮೆಯಾಗುವುದನ್ನು ವೈದ್ಯರು ಕಂಡಿದ್ದಾರೆ. ಜೊತೆಗೆ ಸುಣ್ಣದಂಶವಿರುವ ಆಹಾರ ಬೇಕು: ಹಾಲು, ಮೊಸರು, ರಾಗಿ, ಎಳ್ಳು, ನುಗ್ಗೆ ಸೊಪ್ಪು, ಮೆಂತ್ಯ ಪಲ್ಯ. ನೆಲ್ಲಿಕಾಯಿ, ಲಿಂಬೆ, ಪೇರಲ ಹಣ್ಣಿನ 'ಸಿ' ಜೀವಸತ್ವವೂ ಬೇಕು. ಹುಣಸೆಹಣ್ಣು ತಿಂದ ಮಕ್ಕಳ ಮೂತ್ರದಲ್ಲಿ ಹೆಚ್ಚು ಫ್ಲೋರೈಡ್ ಹೊರಹೋಯಿತೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2002ರಲ್ಲಿ ಪ್ರಕಟಿಸಿದ್ದಾರೆ. ನಮ್ಮ ಅಜ್ಜಿಯರ ಪುಂಡಿಪಲ್ಯ, ಹುಣಸೆ ಸಾರು, ಜೋಳದ ರೊಟ್ಟಿ, ಮಜ್ಜಿಗೆಯ ಊಟವನ್ನು ಬಿಡಬೇಕಾಗಿಲ್ಲ. ಆದರೆ ಯಾವ ಊಟವೂ ಒಳ್ಳೆಯ ನೀರಿಗೆ ಬದಲಿಯಲ್ಲ.

ಒಳಗಿನ ನೀರು

ಪ್ರಿಯರೇ, ನೀರಿನ ಈ ನಿಯಮ ಬದುಕಿನ ಉಳಿದ ಸಂಗತಿಗಳಿಗೂ ಒಪ್ಪುತ್ತದೆ. ನಮ್ಮನ್ನು ಕೆಡಿಸುವುದು ಹೆಚ್ಚಾಗಿ ಒಂದೇ ದಿನದ ದೊಡ್ಡ ಪೆಟ್ಟಲ್ಲ, ದಿನದಿನದ ಗುಟುಕು.

ದಿನಕ್ಕೆ ಆರು ಸಲ ಚಹಾ, ಪ್ರತಿ ಸಲ ಎರಡು ಚಮಚ ಸಕ್ಕರೆ ಎಂದರೆ ಸುಮಾರು 50 ಗ್ರಾಂ ಸಕ್ಕರೆ. ದಿನದ ಎಲ್ಲ ತಿಂಡಿ ತಿನಿಸಿನ ಸಕ್ಕರೆ ಸೇರಿ 25 ಗ್ರಾಂ ಒಳಗಿದ್ದರೆ ಒಳಿತು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚಹಾ ಎಲೆಯಲ್ಲಿಯೂ ಫ್ಲೋರೈಡ್ ಇದೆ. ಬೋರಿನ ನೀರಿನಲ್ಲಿ ಕುದಿಸಿದರೆ ಅದು ಎರಡು ಪಾಲಾಯಿತು. ಜೇಬಿನ ಗುಟ್ಕಾ ಚೀಟಿಯೂ ಹಾಗೆಯೇ, ಸಂಜೆಯ 'ಸ್ವಲ್ಪವೇ' ಎಂಬ ಕುಡಿತವೂ ಹಾಗೆಯೇ. ಯಾವ ಒಂದು ದಿನವೂ ಏನೂ ಆಗುವುದಿಲ್ಲ. 18 ವರ್ಷದ ನಂತರ ಮನೆಯವರೆಲ್ಲ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುತ್ತಾರೆ.

ಮಾತು ಕೂಡ ಮನೆಯ ನೀರೇ. ಮಗು ಅದನ್ನು ದಿನವೂ ಕುಡಿಯುತ್ತದೆ. 'ನಿನ್ನ ಕೈಲಿ ಆಗಂಗಿಲ್ಲ' ಎಂಬ ಮಾತನ್ನು ಒಮ್ಮೆ ಕೇಳಿದರೆ ಮಗು ಮರೆಯುತ್ತದೆ. ದಿನವೂ ಕೇಳಿದರೆ ಅದು ಮೂಳೆಗೆ ಇಳಿಯುತ್ತದೆ. ದೊಡ್ಡವನಾದ ಮೇಲೂ ತಲೆಯೆತ್ತಿ ನಿಲ್ಲಲಾಗದು. ಗಂಡ ಹೆಂಡಿರ ನಡುವಿನ ತಾತ್ಸಾರ, ಅಣ್ಣತಮ್ಮಂದಿರ ನಡುವಿನ ಹೊಲದ ಬದುವಿನ ಮುನಿಸು, ಇವುಗಳಿಗೂ ಬಣ್ಣವಿಲ್ಲ, ವಾಸನೆಯಿಲ್ಲ. ಒಮ್ಮೆ ಎದ್ದು ನಿಲ್ಲಲು ಹೋದಾಗಲೇ ಬೆನ್ನು ಬಾಗಿರುವುದು ತಿಳಿಯುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯಲ್ಲಿ ನಡೆದದ್ದು ಗಂಗಾವತಿಯ ರೈತರಿಗೆ ಹೇಳಬೇಕಾಗಿಲ್ಲ. 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಯಿತು, ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯ ಖಾಲಿಯಾಗುವುದನ್ನು ನೋಡುತ್ತಾ ಭತ್ತ ನಾಟಿ ಮಾಡಿದವರು ನಿದ್ದೆಗೆಟ್ಟರು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟು ಇಳಿಸಿ ಸುಮಾರು ಒಂದು ವಾರದಲ್ಲಿ ಅದನ್ನು ತಡೆದ ಎಂಜಿನಿಯರ್‌ಗಳನ್ನೂ ಕೆಲಸಗಾರರನ್ನೂ ನಾಡು ಕೊಂಡಾಡಿತು. ದಶಕಗಳ ಕಾಲ ಭಾರ ಹೊತ್ತ ಸರಪಳಿ ಅದು. ಮನೆತನದ ಸರಪಳಿಯನ್ನೂ ತುಂಡಾಗುವ ರಾತ್ರಿಯವರೆಗೆ ಕಾಯದೆ ಆಗಾಗ ತಟ್ಟಿ ನೋಡಬೇಕು. ಧರ್ಮಸಭೆ ನಮಗೆ ಕಲಿಸಿರುವ ರಾತ್ರಿಯ ಆತ್ಮಶೋಧನೆ, ಪಾಪನಿವೇದನೆ ಇದಕ್ಕಾಗಿಯೇ ಇವೆ. ಮಲಗುವ ಮೊದಲು ಎರಡು ನಿಮಿಷ: ಇಂದು ನಾನು ಏನು ಕುಡಿದೆ? ಇತರರಿಗೆ ಏನು ಕುಡಿಸಿದೆ?

ಒಳಿತೂ ಹೀಗೆಯೇ ಸೇರುತ್ತದೆ. ವರ್ಷಕ್ಕೊಮ್ಮೆ ದೊಡ್ಡ ಯಾತ್ರೆ ಒಳ್ಳೆಯದು. ಆದರೆ ಮನೆಯನ್ನು ನಿಲ್ಲಿಸುವುದು ದಿನದಿನದ ಜಪಸರ, ದಿನಕ್ಕೊಂದು ಪುಟ ಪವಿತ್ರ ಗ್ರಂಥ, ಒಂದು ಒಳ್ಳೆಯ ಮಾತು, ಅರ್ಧ ಗಂಟೆಯ ನಡಿಗೆ.

ಊರು ಒಟ್ಟಾದಾಗ

ಒಬ್ಬರ ಮನೆಯ ಶಿಸ್ತಿನಿಂದ ಬುಗ್ಗೆ ಶುದ್ಧವಾಗುವುದಿಲ್ಲ. ಅದಕ್ಕೆ ಊರು ಒಟ್ಟಾಗಬೇಕು. ನಮ್ಮ ಜಿಲ್ಲೆ ಅದಕ್ಕೂ ಉದಾಹರಣೆ ತೋರಿಸಿದೆ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಹಿರೇಹಳ್ಳಕ್ಕೆ ಇಳಿದರು. ಜಾಲಿ ಬೆಳೆದು, ಹೂಳು ಕಸ ತುಂಬಿದ್ದ ಹಳ್ಳವನ್ನು 20 ಕಿಲೋಮೀಟರಿಗೂ ಹೆಚ್ಚು ದೂರ ಸ್ವಚ್ಛಗೊಳಿಸಿದರು. ಸ್ವಾಮೀಜಿ ತಾವೇ ಹಳ್ಳದಲ್ಲಿ ನಿಂತು ಕೆಲಸ ಮಾಡಿದರು. ಅದೇ ವರ್ಷ ಕುಷ್ಟಗಿ ತಾಲ್ಲೂಕಿನ ನಿಡಶೇಸಿ ಕೆರೆಯ ಹೂಳೆತ್ತಲೂ ಜನ ಕೈಜೋಡಿಸಿದರು. ಹಳ್ಳ ಹರಿದರೆ, ಕೆರೆ ತುಂಬಿದರೆ ಹೊಸ ಮಳೆನೀರು ನೆಲಕ್ಕೆ ಇಂಗುತ್ತದೆ.

ಈ ಕೆಲಸವನ್ನು ನಾವು ಕ್ರೈಸ್ತರು ಕೃತಜ್ಞತೆಯಿಂದ ನೋಡಬೇಕು. ಇಲ್ಲಿ ನಮ್ಮ ಸಂಖ್ಯೆ ಚಿಕ್ಕದು. ಆದರೆ ನೀರಿಗೆ ಜಾತಿಯಿಲ್ಲ, ಮತವಿಲ್ಲ. ಯೇಸುಸ್ವಾಮಿ ಸಮಾರಿಯದ ಹೆಂಗಸಿನ ಬಳಿ ನೀರು ಕೇಳಿದಾಗ ಮೊದಲು ಕುಸಿದದ್ದು ಇಂಥದೇ ಗೋಡೆ. ಎಲ್ಲರೊಡನೆ ಗುದ್ದಲಿ ಹಿಡಿಯಲು ನಾವು ಮುಂದಾಗೋಣ.

ಒಂದು ಮಾತು ಗಂಡಸರಿಗೆ. ನಮ್ಮ ಊರುಗಳಲ್ಲಿ ನೀರು ತರುವ ಭಾರ ಹೆಚ್ಚಾಗಿ ಹೆಣ್ಣುಮಕ್ಕಳ ನಡುವಿನ ಮೇಲೆ ಬಿದ್ದಿದೆ. ಬಾಗಿದ ಆ ಹೆಂಗಸನ್ನು ಪ್ರಭು ಹತ್ತಿರ ಕರೆದು ನೆಟ್ಟಗೆ ನಿಲ್ಲಿಸಿದರು. ನಾವು ಕನಿಷ್ಠ ಅವಳ ಕೈಯಿಂದ ಕ್ಯಾನ್ ತೆಗೆದುಕೊಂಡು ಬೈಕಿನ ಮೇಲಿಟ್ಟು ತರಬಾರದೇ?

ಈ ವಾರ ನಮ್ಮ ಮನೆಯಲ್ಲಿ

1. ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಅದರ ಫ್ಲೋರೈಡ್ ಎಷ್ಟು ಎಂದು ಪಂಚಾಯಿತಿಯಲ್ಲಿ ಕೇಳಿ ತಿಳಿಯಿರಿ. ಪರೀಕ್ಷೆಯಾಗಿಲ್ಲದಿದ್ದರೆ ನಾಲ್ಕು ಮನೆಯವರು ಸೇರಿ ಅರ್ಜಿ ಕೊಡಿ.

2. ಬೋರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಶುದ್ಧ ನೀರನ್ನು ಕುಡಿಯುವುದಕ್ಕೆ ಮಾತ್ರವಲ್ಲ, ಅನ್ನ, ಬೇಳೆ, ಅಂಬಲಿ, ಚಹಾಕ್ಕೂ ಬಳಸಿ. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಬೋರಿನ ನೀರು ಸಾಕು.

3. ಖರ್ಚಿಗೆ ಕೈ ಬಿಗಿಯಾಗಿದ್ದರೆ ಶುದ್ಧ ನೀರಿನ ಮೊದಲ ಪಾಲು 8 ವರ್ಷದೊಳಗಿನ ಮಕ್ಕಳಿಗೆ ಮತ್ತು ಬಸುರಿಗೆ. ಹಸುಗೂಸಿಗೆ ತಾಯಿಯ ಹಾಲೇ ಶ್ರೇಷ್ಠ. ಅದರಲ್ಲಿ ಫ್ಲೋರೈಡ್ ಬಹಳ ಕಡಿಮೆ. ಹಾಲಿನ ಪುಡಿಯನ್ನು ಬೋರಿನ ನೀರಿನಲ್ಲಿ ಕಲಸಬೇಡಿ.

4. ಬಹುದಿನದ ಕೀಲುನೋವಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ, 'ನಮ್ಮೂರಿನ ನೀರಿನಲ್ಲಿ ಫ್ಲೋರೈಡ್ ಇದೆ' ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ.

5. ಕಂದು ಹಲ್ಲಿನ ಮಗುವನ್ನು, ಬಾಗಿದ ಬೆನ್ನಿನ ಹಿರಿಯರನ್ನು ಹೆಸರು ಹಿಡಿದು ಕರೆದು ಮಾತನಾಡಿಸಿ. ಅವರನ್ನು ಆಡಿಕೊಳ್ಳುವ ಮಾತು ಕೇಳಿದರೆ ತಡೆಯಿರಿ.

6. ಬಿಡಬೇಕಾದ ಒಂದು ಗುಟುಕು, ಹಿಡಿಯಬೇಕಾದ ಒಂದು ಗುಟುಕು — ಎರಡನ್ನು ಮನೆಮಂದಿ ಕೂತು ಆರಿಸಿಕೊಳ್ಳಿ. ಒಂದೇ ಸಾಕು, ಆದರೆ ದಿನವೂ.

ಪ್ರಾರ್ಥನೆ

ಪ್ರಭುವೇ, 18 ವರ್ಷ ಯಾರೂ ನೋಡದ ಬೆನ್ನನ್ನು ನೀವು ನೋಡಿದಿರಿ. ನಮ್ಮೂರಿನ ಬಾಗಿದವರನ್ನು ನೋಡುವ ಕಣ್ಣು ನಮಗೆ ಕೊಡಿ. ನಮ್ಮ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿಯದೆ ನಗುವಂತಾಗಲಿ. ನಮ್ಮ ಬುಗ್ಗೆಗಳ ಬಳಿಗೆ ನಡೆದು ಹೋಗುವ ಧೈರ್ಯವನ್ನು, ಸಣ್ಣ ಕೆಲಸವನ್ನು ದಿನವೂ ಮಾಡುವ ತಾಳ್ಮೆಯನ್ನು ದಯಪಾಲಿಸಿ. ನಮ್ಮ ಕೊಡದ ನೀರನ್ನೂ ನಮ್ಮ ನಾಲಗೆಯ ಮಾತನ್ನೂ ಶುದ್ಧಗೊಳಿಸಿ. ಆಮೆನ್.